ತೋಟದ ಲೈನ್ ಮನೆಗಳಲ್ಲಿ ವಯಸ್ಕರ ಶಿಕ್ಷಣ: ಅಮೆರಿಕದ ಲ್ಯಾಟಿನೋ ವಲಸಿಗರ ತರಗತಿಗಳಿಂದ ನಮಗೆ ಸಿಗುವುದೇನು?

ಪ್ರಶ್ನೆ ಕೇಳಿದವರು: ಗೋಣಿಕೊಪ್ಪಲಿನ ಬೆಳೆಗಾರ್ತಿ

ಎಲ್ಲರಿಗೂ ನಮಸ್ಕಾರ. ಕೊಡಗಿನ ಗೋಣಿಕೊಪ್ಪಲಿನ ಸಮೀಪ ನಮ್ಮದೊಂದು ರೊಬಸ್ಟಾ ಕಾಫಿ ತೋಟವಿದೆ. ನೆರಳಿನ ಮರಗಳಿಗೆ ಕರಿಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಹಿಂದೆಲ್ಲ ನಮ್ಮಲ್ಲಿ ಕೆಲಸಕ್ಕೆ ಬರುತ್ತಿದ್ದವರು ಸುತ್ತಲಿನ ಹಾಡಿಗಳ (ಬುಡಕಟ್ಟು ಜನರ ವಸತಿಗಳ) ಯರವರು, ಮೈಸೂರು ಕಡೆಯವರು ಮತ್ತು ತಲೆಮಾರುಗಳ ಹಿಂದೆಯೇ ಬಂದು ನೆಲೆಸಿದ್ದ ತಮಿಳು, ಮಲಯಾಳಂ ಮನೆಮಾತಿನ ಕುಟುಂಬದವರು. ಈಗ ಲೈನ್ ಮನೆಗಳಲ್ಲಿ, ಎಂದರೆ ತೋಟದ ಕೆಲಸಗಾರರ ಸಾಲುಮನೆಗಳಲ್ಲಿ, ಇರುವವರಲ್ಲಿ ಹೆಚ್ಚಿನವರು ಅಸ್ಸಾಂ, ಪಶ್ಚಿಮ ಬಂಗಾಳ ಮತ್ತು ಜಾರ್ಖಂಡಿನಿಂದ ಬಂದವರು. ಕೆಲವರು ಕೊಯ್ಲಿಗೆಂದು ಬಂದು ಮಾರ್ಚ್ ಮುಗಿಯುತ್ತಲೇ ಊರಿಗೆ ಹೊರಡುತ್ತಾರೆ, ಇನ್ನು ಕೆಲವರು ಹೆಂಡತಿ ಮಕ್ಕಳೊಡನೆ ವರ್ಷವಿಡೀ ಇಲ್ಲಿಯೇ ಇರುತ್ತಾರೆ.

ಇವರ ಪೈಕಿ ಹಲವರಿಗೆ ತಮ್ಮ ಭಾಷೆಯಲ್ಲಿಯೂ ಓದು ಬರಹ ತಿಳಿಯದು. ಆನೆಗಳ ಹಿಂಡು ಇಂಥ ತೋಟದಲ್ಲಿದೆ ಎಂದು ಅರಣ್ಯ ಇಲಾಖೆಯವರು ಮೊಬೈಲಿಗೆ ಕಳುಹಿಸುವ ಸಂದೇಶವನ್ನು ಅವರು ಯಾರಿಂದಲಾದರೂ ಓದಿಸಿಕೊಳ್ಳಬೇಕು. ಬ್ಯಾಂಕಿಗೆ, ಆಸ್ಪತ್ರೆಗೆ, ಪಡಿತರದ ಅಂಗಡಿಗೆ ಹೋಗಬೇಕಾದರೆ ಗುತ್ತಿಗೆದಾರನನ್ನೋ ಮೇಸ್ತ್ರಿಯನ್ನೋ ಜೊತೆಗೆ ಕರೆದೊಯ್ಯಬೇಕು. ಈ ಮಳೆಗಾಲದಿಂದ ಅವರಿಗಾಗಿ ಒಂದು ಸಂಜೆ ತರಗತಿಯನ್ನು ಆರಂಭಿಸಬೇಕೆಂದು ನಾನು ಮತ್ತು ಪಕ್ಕದ ತೋಟದವರು ಯೋಚಿಸಿದ್ದೇವೆ.

ಅಮೆರಿಕದಲ್ಲಿ ಹಣ್ಣು ತರಕಾರಿ ಕೊಯ್ಲು, ಕಟ್ಟಡ ಕೆಲಸ, ಹೋಟೆಲುಗಳ ಅಡುಗೆಮನೆ ಇವೆಲ್ಲ ಬಹುಮಟ್ಟಿಗೆ ಮೆಕ್ಸಿಕೋ, ಗ್ವಾಟೆಮಾಲಾ, ಎಲ್ ಸಾಲ್ವಡಾರ್ ಮೊದಲಾದ ದೇಶಗಳಿಂದ ಬಂದ ಲ್ಯಾಟಿನೋ ವಲಸಿಗರ ದುಡಿಮೆಯಿಂದ ನಡೆಯುತ್ತವೆಂದೂ, ಅವರಿಗೆ ಭಾಷೆ ಮತ್ತು ಕಸುಬು ಕಲಿಸುವ ವಯಸ್ಕರ ಶಾಲೆಗಳು ಅಲ್ಲಿ ದಶಕಗಳಿಂದ ಇವೆಯೆಂದೂ ಓದಿದ್ದೇನೆ. ಅಲ್ಲಿನ ಹಣಬಲ ನಮಗಿಲ್ಲ. ಆದರೆ ಸಮಸ್ಯೆಯ ಸ್ವರೂಪ ಬಹಳ ಬೇರೆಯೇನೂ ಅಲ್ಲ ಎಂದು ನನಗೆ ತೋರುತ್ತದೆ. ಬಲ್ಲವರು ತಿಳಿಸಬೇಕು: ಮೊದಲು ಕನ್ನಡ ಕಲಿಸಿ, ಅದು ಬಂದ ಮೇಲೆ ಕೆಲಸದ ಕೌಶಲಗಳಿಗೆ ಹೋಗಬೇಕೇ, ಅಥವಾ ಎರಡನ್ನೂ ಒಟ್ಟಿಗೆ ಕಲಿಸಬಹುದೇ? ಬರಹವನ್ನು ಅವರ ಭಾಷೆಯಲ್ಲಿ ಕಲಿಸಬೇಕೇ, ಹಿಂದಿಯಲ್ಲೇ, ಕನ್ನಡದಲ್ಲೇ? ಕೆಲವು ತಿಂಗಳು ಇದ್ದು ಹೊರಟುಹೋಗುವವರಿಗೆ ಏನನ್ನು ಕಲಿಸಿದರೆ ಅದು ಅವರ ಕೈಯಲ್ಲಿ ಉಳಿದೀತು?

ಉತ್ತರ: ಸೋಮವಾರಪೇಟೆಯವನು, ಈಗ ಫ್ರೆಸ್ನೊ

ಬೆಳೆಗಾರ್ತಿಯವರಿಗೆ ನಮಸ್ಕಾರ. ಕ್ಯಾಲಿಫೋರ್ನಿಯಾದ ಫ್ರೆಸ್ನೊ ಎಂಬ ಊರಿನಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಸುತ್ತ ದ್ರಾಕ್ಷಿ ಮತ್ತು ಬಾದಾಮಿ ತೋಟಗಳು. ಕೆಲಸಗಾರರಲ್ಲಿ ಬಹುಪಾಲು ಮೆಕ್ಸಿಕೋ ಮೂಲದವರು. ಇಲ್ಲಿನ ವಯಸ್ಕರ ಶಾಲೆಯೊಂದರ ಇಂಗ್ಲಿಷ್ ತರಗತಿಗೆ ಸಂಜೆಯ ಹೊತ್ತು ಸ್ವಯಂಸೇವಕನಾಗಿ ಹೋಗುವುದರಿಂದ, ಪುಸ್ತಕದಲ್ಲಿರುವುದನ್ನೂ ಕಣ್ಣಾರೆ ಕಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ದೀರ್ಘವಾಗುತ್ತದೆ, ಸಹಿಸಿಕೊಳ್ಳಿ.

ಇಲ್ಲಿನ ವಯಸ್ಕರ ಶಾಲೆಗಳು ವಲಸಿಗರಿಂದ ಕಿಕ್ಕಿರಿದು ತುಂಬಿದ್ದು 1986ರ ವಲಸೆ ಸುಧಾರಣಾ ಕಾನೂನಿನ ನಂತರ. ದಾಖಲೆಗಳಿಲ್ಲದೆ ನೆಲೆಸಿದ್ದ ಸುಮಾರು 27 ಲಕ್ಷ ಜನರಿಗೆ ಆ ಕಾನೂನಿನಿಂದ ಸಕ್ರಮ ವಾಸದ ಹಕ್ಕು ದೊರೆಯಿತು. ಅವರಲ್ಲಿ ಹೆಚ್ಚಿನವರು ಮೆಕ್ಸಿಕೋದವರು. ಸಾಮಾನ್ಯ ವರ್ಗದಲ್ಲಿ ಅರ್ಜಿ ಹಾಕಿದವರು ಕಾಯಂ ನಿವಾಸಿಗಳಾಗಬೇಕಾದರೆ ಸ್ವಲ್ಪಮಟ್ಟಿನ ಇಂಗ್ಲಿಷ್ ಮತ್ತು ಅಮೆರಿಕದ ಇತಿಹಾಸ, ಆಡಳಿತಗಳ ತಿಳಿವಳಿಕೆ ತಮಗಿದೆ ಎಂದು ತೋರಿಸಬೇಕಿತ್ತು. ಇಲ್ಲವಾದರೆ ಅದನ್ನು ಕಲಿಸುವ ತರಗತಿಗೆ ಹೋಗುತ್ತಿರುವ ದಾಖಲೆಯನ್ನಾದರೂ ಕೊಡಬೇಕಿತ್ತು. ಹಾಗಾಗಿ ಲಾಸ್ ಏಂಜಲೀಸ್‌ನಂಥ ನಗರಗಳಲ್ಲಿ ಹಗಲಿಡೀ ದುಡಿದವರು ರಾತ್ರಿ ಶಾಲೆಯ ಬಾಗಿಲಲ್ಲಿ ಸಾಲುಗಟ್ಟಿದರು. ಕಲಿಕೆಗೆ ಅಷ್ಟು ಸ್ಪಷ್ಟವಾದ ಪ್ರತಿಫಲ ಕಣ್ಣೆದುರಿಗಿದ್ದ ಕಾಲ ಮತ್ತೆ ಬರಲಿಲ್ಲ ಎಂದು ಇಲ್ಲಿನ ಹಿರಿಯ ಶಿಕ್ಷಕರು ಹೇಳುವುದುಂಟು.

ತಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಇಲ್ಲಿಯವರು ಅತಿ ಹೆಚ್ಚು ತಲೆ ಕೆಡಿಸಿಕೊಂಡಿರುವುದು ಅದರ ಬಗ್ಗೆಯೇ. ಹಳೆಯ ಕ್ರಮದಲ್ಲಿ ಇಂಗ್ಲಿಷನ್ನು ಹಂತಹಂತವಾಗಿ ಕಲಿಸಿ, ಮೇಲಿನ ಹಂತ ಮುಟ್ಟಿದವರನ್ನು ಮಾತ್ರ ಕಸುಬಿನ ತರಬೇತಿಗೆ ಕಳುಹಿಸುತ್ತಿದ್ದರು. ವಾರಕ್ಕೆರಡು ಸಂಜೆ ಬರುವವನು ಆ ಹಂತಗಳನ್ನು ದಾಟುವಷ್ಟರಲ್ಲಿ ವರ್ಷಗಳೇ ಕಳೆಯುತ್ತವೆ. ನಡುವೆ ಮಗು ಹುಟ್ಟುತ್ತದೆ, ಪಾಳಿ ಬದಲಾಗುತ್ತದೆ, ಕೆಲಸ ಹುಡುಕಿಕೊಂಡು ಬೇರೆ ಊರಿಗೆ ಹೋಗಬೇಕಾಗುತ್ತದೆ. ಹೀಗೆ ಬಹುತೇಕರು ಕಸುಬಿನ ತರಗತಿಯ ಮುಖವನ್ನೇ ನೋಡದೆ ಹೊರಬೀಳುತ್ತಿದ್ದರು.

ಇದನ್ನು ಕಂಡ ವಾಷಿಂಗ್ಟನ್ ರಾಜ್ಯದ ಸಮುದಾಯ ಕಾಲೇಜುಗಳು 2004ರ ಸುಮಾರಿಗೆ ಐ-ಬೆಸ್ಟ್ ಎಂಬ ಬೇರೊಂದು ಕ್ರಮವನ್ನು ಪ್ರಯೋಗಕ್ಕೆ ತಂದವು. ಅದರಲ್ಲಿ ಒಂದೇ ಕೋಣೆಯಲ್ಲಿ ಇಬ್ಬರು ಶಿಕ್ಷಕರಿರುತ್ತಾರೆ: ಒಬ್ಬರು ಕಸುಬಿನವರು, ಇನ್ನೊಬ್ಬರು ಭಾಷೆಯವರು. ವೆಲ್ಡಿಂಗ್ ಕಲಿಸುವಾತ ಯಂತ್ರವನ್ನು ಬಿಚ್ಚಿ ತೋರಿಸುತ್ತಿರುವಾಗಲೇ ಭಾಷೆಯ ಶಿಕ್ಷಕಿ ಅಲ್ಲಿ ಬಂದ ಪದಗಳನ್ನು, ಅಳತೆಗಳನ್ನು, ಎಚ್ಚರಿಕೆಯ ಫಲಕದಲ್ಲಿರುವ ವಾಕ್ಯಗಳನ್ನು ಕಲಿಸುತ್ತಾರೆ. ಇಬ್ಬರು ಶಿಕ್ಷಕರೆಂದರೆ ಖರ್ಚೂ ಹೆಚ್ಚು. ಆದ್ದರಿಂದ ಸರ್ಕಾರ ಈ ತರಗತಿಯ ಪ್ರತಿ ವಿದ್ಯಾರ್ಥಿಯನ್ನು 1.75 ವಿದ್ಯಾರ್ಥಿ ಎಂದು ಲೆಕ್ಕ ಹಿಡಿದು ಅನುದಾನ ಕೊಡಲು ಒಪ್ಪಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಅಧ್ಯಯನ ಮಾಡಿದಾಗ, ಹಳೆಯ ಕ್ರಮದಲ್ಲಿ ಕಲಿತ ಅದೇ ಮಟ್ಟದ ವಿದ್ಯಾರ್ಥಿಗಳಿಗಿಂತ ಇವರಲ್ಲಿ ಪ್ರಮಾಣಪತ್ರ ಪಡೆದವರು ಹೆಚ್ಚೆಂದು ಕಂಡುಬಂದಿತು. ಶಿಕಾಗೋದಲ್ಲಿ 1977ರಿಂದ ಇರುವ ಇನ್‌ಸ್ಟಿಟ್ಯೂಟೊ ದೆಲ್ ಪ್ರೊಗ್ರೆಸೊ ಲ್ಯಾಟಿನೋ ಎಂಬ ಸಂಸ್ಥೆ ಇದೇ ತತ್ತ್ವವನ್ನು ಆಸ್ಪತ್ರೆಯ ಕೆಲಸಗಳಿಗೆ ಅನ್ವಯಿಸಿದೆ: ಸ್ಪ್ಯಾನಿಷ್ ಮನೆಮಾತಿನ ಹೆಂಗಸರು ಆರೋಗ್ಯ ಕ್ಷೇತ್ರದ ಇಂಗ್ಲಿಷಿನಿಂದಲೇ ಪಾಠ ಆರಂಭಿಸಿ, ಶುಶ್ರೂಷಾ ಸಹಾಯಕಿಯಾಗಿ, ಅಲ್ಲಿಂದ ಪರವಾನಗಿ ಪಡೆದ ನರ್ಸ್ ಹುದ್ದೆಯವರೆಗೆ ಏರಬಹುದು. ಇದನ್ನೆಲ್ಲ ನೋಡಿ, 2014ರ ಫೆಡರಲ್ (ಕೇಂದ್ರ ಸರ್ಕಾರದ) ಉದ್ಯೋಗ ಕಾನೂನು ಕೂಡ ಭಾಷೆ ಮತ್ತು ಕಸುಬನ್ನು ಒಟ್ಟಿಗೆ ಕಲಿಸುವ ಕ್ರಮಕ್ಕೆ ಮನ್ನಣೆ ಕೊಟ್ಟಿದೆ. ಹಾಗಾಗಿ ಮೊದಲು ಕನ್ನಡ, ಆಮೇಲೆ ಕಸುಬು ಎಂಬ ದಾರಿಯನ್ನು ತಾವು ಹಿಡಿಯಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಬರಹ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಗೆ ಇಲ್ಲಿ ಒಂದೇ ಉತ್ತರವಿಲ್ಲ. ಪ್ರೌಢಶಾಲೆಗೆ ಸಮನಾದ ಜಿಇಡಿ ಪರೀಕ್ಷೆಯನ್ನು ಸ್ಪ್ಯಾನಿಷಿನಲ್ಲಿಯೇ ಬರೆಯಬಹುದು. ಮೆಕ್ಸಿಕೋ ಸರ್ಕಾರವು ವಯಸ್ಕರ ಶಿಕ್ಷಣಕ್ಕೆಂದು 1981ರಲ್ಲಿ ಸ್ಥಾಪಿಸಿದ ಸಂಸ್ಥೆಯ ಪಠ್ಯಗಳನ್ನು ತನ್ನ ದೂತಾವಾಸಗಳ ಮೂಲಕ ಇಲ್ಲಿನ ಕೇಂದ್ರಗಳಿಗೆ ಒದಗಿಸುತ್ತದೆ. ಊರಿನಲ್ಲಿ ಅರ್ಧಕ್ಕೆ ಬಿಟ್ಟ ಶಾಲೆಯನ್ನು ಕೂಲಿಗೆ ಬಂದ ನಾಡಿನಲ್ಲಿ ಮುಗಿಸಬಹುದು. ಜಾರ್ಖಂಡ್ ಸರ್ಕಾರ ಕೊಡಗಿನಲ್ಲಿ ಹಾಗೆ ಮಾಡೀತೇ ಎಂದು ಊಹಿಸಿಕೊಳ್ಳಿ! ಆದರೆ ಇಲ್ಲಿಯೂ ಒಂದು ತೊಡಕಿದೆ. ಹೊಲಗಳಲ್ಲಿ ದುಡಿಯುವ ಎಲ್ಲರ ಮನೆಮಾತೂ ಸ್ಪ್ಯಾನಿಷ್ ಅಲ್ಲ. ದಕ್ಷಿಣ ಮೆಕ್ಸಿಕೋದ ಒಹಾಕಾ ಕಡೆಯಿಂದ ಬಂದವರು ಮಿಶ್ತೆಕೊ, ತ್ರಿಕಿ, ಸಪೋತೆಕೊ ಭಾಷೆಗಳನ್ನಾಡುತ್ತಾರೆ. ಸ್ಪ್ಯಾನಿಷ್ ಪುಸ್ತಕವನ್ನು ಕೈಗಿತ್ತರೆ ಅವರಿಗೆ ಅದೂ ಪರಭಾಷೆಯೇ. ತಮ್ಮ ಲೈನ್‌ಗಳಲ್ಲಿರುವ ಅಸ್ಸಾಮಿನ ಕುಟುಂಬಗಳ ಪೈಕಿ ಎಷ್ಟು ಮಂದಿ ಮನೆಯಲ್ಲಿ ಸಾದ್ರಿ, ಸಂತಾಲಿ, ಬಂಗಾಳಿ ಆಡುತ್ತಾರೆಂಬುದನ್ನು ಮೊದಲು ವಿಚಾರಿಸಿಕೊಳ್ಳಿ. ಎಲ್ಲರಿಗೂ ಹಿಂದಿ ಬರುತ್ತದೆ ಎಂಬ ಎಣಿಕೆಯ ಮೇಲೆ ಪಠ್ಯ ಸಿದ್ಧಪಡಿಸಬೇಡಿ.

ಹಂಗಾಮಿನ ಕೆಲಸಗಾರರ ಬಗ್ಗೆ ಎರಡು ಸಂಗತಿಗಳಿವೆ. ವಲಸೆ ಮತ್ತು ಹಂಗಾಮಿ ಕೃಷಿ ಕಾರ್ಮಿಕರು ಹಾಗೂ ಅವರ ಮಕ್ಕಳು ಪ್ರೌಢಶಾಲಾ ಸಮಾನ ಪ್ರಮಾಣಪತ್ರ ಪಡೆಯಲೆಂದೇ 1967ರಿಂದ ಒಂದು ಫೆಡರಲ್ ಯೋಜನೆ ಇದೆ. ಕಳೆದ 24 ತಿಂಗಳಲ್ಲಿ ಕನಿಷ್ಠ 75 ದಿನ ಅಂಥ ಕೃಷಿ ಕೆಲಸ ಮಾಡಿರುವುದು ಅದಕ್ಕೆ ಅರ್ಹತೆ; ಎಂದರೆ ಹಂಗಾಮಿನ ದುಡಿಮೆಯನ್ನೇ ಅರ್ಹತೆಯೆಂದು ಎಣಿಸಿದ್ದಾರೆ. ಎರಡನೆಯದು ಕೀಟನಾಶಕದ ತರಬೇತಿ. 2015ರಲ್ಲಿ ಪರಿಷ್ಕರಿಸಿದ ನಿಯಮದ ಪ್ರಕಾರ ಔಷಧಿ ಸಿಂಪಡಿಸಿದ ಹೊಲದಲ್ಲಿ ದುಡಿಯುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಮಾಲೀಕರು ತರಬೇತಿ ಕೊಡಿಸಲೇಬೇಕು. ಮೊದಲು ಇದು ಐದು ವರ್ಷಕ್ಕೊಮ್ಮೆ ಇತ್ತು. ನಾನು ನೋಡಿದ ಮಟ್ಟಿಗೆ ಓದು ಬಾರದವರೂ ಕೊನೆಯವರೆಗೆ ಕೂತು ಕೇಳುವ ಪಾಠವೆಂದರೆ ಇದೇ, ಏಕೆಂದರೆ ಅದು ಮನೆಗೆ ಹೋದ ಮೇಲೆ ಮಗುವನ್ನು ಎತ್ತಿಕೊಳ್ಳುವ ಮುನ್ನ ಬಟ್ಟೆ ಬದಲಿಸಬೇಕೇ ಎಂಬಂಥ ಪ್ರಶ್ನೆಗಳಿಗೆ ಉತ್ತರ ಕೊಡುತ್ತದೆ.

ಎಲ್ಲವೂ ಚೆನ್ನಾಗಿದೆ ಎಂದು ತಿಳಿಯಬೇಡಿ. ಆಗಸ್ಟ್ ಕೊನೆಗೆ ದ್ರಾಕ್ಷಿ ಕೊಯ್ಲು ಶುರುವಾದರೆ ನಮ್ಮ ತರಗತಿಯ ಅರ್ಧ ಕುರ್ಚಿಗಳು ಖಾಲಿ. ವಲಸೆ ಅಧಿಕಾರಿಗಳು ಊರಿಗೆ ಬಂದಿದ್ದಾರೆಂಬ ಗಾಳಿಸುದ್ದಿ ಹಬ್ಬಿದರೆ ಉಳಿದರ್ಧವೂ ಖಾಲಿ. 2025ರ ಜುಲೈನಲ್ಲಿ ಫೆಡರಲ್ ಶಿಕ್ಷಣ ಇಲಾಖೆಯು ದಾಖಲೆಯಿಲ್ಲದವರಿಗೆ ಫೆಡರಲ್ ಹಣದ ವಯಸ್ಕರ ಶಿಕ್ಷಣ ಸಲ್ಲದು ಎಂದು ಪ್ರಕಟಿಸಿತು. ಹಲವು ರಾಜ್ಯಗಳು ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವು. ಕಲಿಯಲು ಬರುವವನ ಹೆಸರು, ವಿಳಾಸ ಬರೆದುಕೊಳ್ಳುವಾಗ ಅವನ ಮುಖ ಹೇಗಾಗುತ್ತದೆಂಬುದನ್ನು ನಾನು ಬಲ್ಲೆ. ತಮ್ಮಲ್ಲಿ ಬರುವವರು ಈ ದೇಶದವರೇ ಆದರೂ, ಪೊಲೀಸ್ ಠಾಣೆಯಲ್ಲಿ ಹೊರ ರಾಜ್ಯದ ಕಾರ್ಮಿಕರ ವಿವರ ಕೇಳುವ ಪದ್ಧತಿ ಇರುವುದರಿಂದ, ತರಗತಿಯ ಹಾಜರಿ ಪುಸ್ತಕವನ್ನು ಅದರಿಂದ ದೂರವಿಡುವುದು ಒಳ್ಳೆಯದು.

ಉತ್ತರ: ಹಳೆಯ ರೈಟರ್, ಸಿದ್ದಾಪುರ

ಫ್ರೆಸ್ನೊದ ಸಹೋದರರು ಬರೆದದ್ದನ್ನು ಆಸಕ್ತಿಯಿಂದ ಓದಿದೆ. ನಾನು ಸಿದ್ದಾಪುರದ ಆಸುಪಾಸಿನ ತೋಟಗಳಲ್ಲಿ ರೈಟರ್ ಕೆಲಸ, ಎಂದರೆ ಲೆಕ್ಕ ಬರೆಯುವ ಕೆಲಸ, ಮಾಡಿ ವಿಶ್ರಾಂತನಾದವನು. ತರಗತಿ ಬೇಡವೆಂದು ನಾನು ಹೇಳುವುದಿಲ್ಲ, ಆದರೆ ನಮ್ಮ ನೆಲದ ಕೆಲವು ಅಡ್ಡಿಗಳನ್ನು ಹೇಳಲೇಬೇಕು.

ಸಂಜೆ ತರಗತಿ ಎಂದು ಬರೆದಿದ್ದೀರಿ, ಮೇಡಂ. ನಮ್ಮ ಕಡೆ ಕತ್ತಲಾದ ಮೇಲೆ ಒಂದು ಲೈನಿನಿಂದ ಇನ್ನೊಂದು ಲೈನಿಗೆ ನಡೆದು ಹೋಗುವ ಧೈರ್ಯ ಯಾರಿಗಿದೆ? ಬೆಳಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿಯೇ ಆನೆ ತುಳಿದು ಸತ್ತವರಿದ್ದಾರೆ. ಎರಡು ತೋಟದವರು ಸೇರಿ ಒಂದೇ ಕಡೆ ತರಗತಿ ಮಾಡುವ ಯೋಚನೆಯಿದ್ದರೆ ಬಿಟ್ಟುಬಿಡಿ. ಪಾಠ ಹೇಳುವವರೇ ಜೀಪಿನಲ್ಲಿ ಲೈನಿಗೆ ಹೋಗಲಿ. ಭಾನುವಾರ ಮಾಡೋಣವೆಂದರೆ ಅಂದು ಸಂತೆ; ವಾರದ ಸಾಮಾನು, ಮೊಬೈಲ್ ರೀಚಾರ್ಜ್, ಊರಿಗೆ ದುಡ್ಡು ಕಳುಹಿಸುವುದು ಎಲ್ಲವೂ ಅಂದೇ ಆಗಬೇಕು. ಉಳಿಯುವುದು ಒಂದೇ ದಾರಿ: ಕೆಲಸದ ಹೊತ್ತಿನಲ್ಲಿಯೇ ವಾರಕ್ಕೆರಡು ಗಂಟೆ ಬಿಡಿ, ಆ ಹೊತ್ತಿಗೂ ಕೂಲಿ ಕೊಡಿ. ಇದಕ್ಕೆ ಎಷ್ಟು ಜನ ಬೆಳೆಗಾರರು ಒಪ್ಪುತ್ತಾರೆಂದು ನನಗೆ ಗೊತ್ತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಎರಡನೆಯದಾಗಿ, ಕಲಿತವನು ನಿಲ್ಲುವುದಿಲ್ಲ ಎಂಬ ಮಾತು ಕ್ಲಬ್ಬುಗಳಲ್ಲಿ ಕೇಳಿಬರುತ್ತದೆ. ಅದು ಅರ್ಧ ನಿಜ. ಮರಗಸಿ (ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸ) ಬಲ್ಲವನಿಗೆ, ಕಳೆ ಕೊಚ್ಚುವ ಯಂತ್ರ ನಡೆಸುವವನಿಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವನ್ನು ಬಿಚ್ಚಿ ಸರಿಮಾಡುವವನಿಗೆ ಇಂದು ಸಾಮಾನ್ಯ ಕೂಲಿಗಿಂತ ಹೆಚ್ಚು ಕೊಟ್ಟು ಕರೆಯುತ್ತಾರೆ. ಅವನು ಹೆಚ್ಚು ಕೊಡುವ ಕಡೆ ಹೋಗುತ್ತಾನೆ, ಹೋಗಲಿ. ಕಲಿಯದವನೂ ಹೋಗುತ್ತಾನೆ, ಗುತ್ತಿಗೆದಾರ ಕರೆದೊಯ್ದ ಕಡೆಗೆ ಹೋಗುತ್ತಾನೆ, ಅಷ್ಟೇ ವ್ಯತ್ಯಾಸ.

ಈಗ ನನ್ನ ಸಲಹೆ. ಅಕ್ಷರಮಾಲೆಯಿಂದ ಆರಂಭಿಸಬೇಡಿ, ತೂಕದ ಚೀಟಿಯಿಂದ ಆರಂಭಿಸಿ. ಕೊಯ್ಲಿನ ದಿನಗಳಲ್ಲಿ ಸಂಜೆ ಚೀಲಗಳನ್ನು ತಕ್ಕಡಿಗೆ ತೂಗುಹಾಕಿ, ಕಿಲೋ ಕೂಗಿ, ಪುಸ್ತಕದಲ್ಲಿ ಬರೆದು, ಚೀಟಿ ಹರಿದು ಕೊಡುತ್ತೇವೆ. ಅದರಲ್ಲಿ ಹೆಸರು, ದಿನಾಂಕ, ಕಿಲೋ, ದರ ಇರುತ್ತದೆ. ಬಟವಾಡೆಯ ದಿನದ ಚೀಟಿಯಲ್ಲಿ ಮುಂಗಡ ಮತ್ತು ಬಾಕಿ ಸೇರುತ್ತವೆ. ಜಾರ್ಖಂಡಿನ ಒಬ್ಬ ಹೆಂಗಸು ತನ್ನ ಲೈನ್ ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಲೆಕ್ಕ ಇಡುತ್ತಿದ್ದಳು: ತುಂಬಿದ ಚೀಲಕ್ಕೆ ಉದ್ದ ಗೆರೆ, ಅರ್ಧ ಚೀಲಕ್ಕೆ ಗಿಡ್ಡ ಗೆರೆ, ಮುಂಗಡ ಪಡೆದ ದಿನ ಒಂದು ಸೊನ್ನೆ. ವಾರದ ಕೊನೆಗೆ ನನ್ನ ಪುಸ್ತಕಕ್ಕೂ ಅವಳ ಗೋಡೆಗೂ ಬಹುತೇಕ ತಾಳೆಯಾಗುತ್ತಿತ್ತು. ಅವಳಿಗೆ ಲೆಕ್ಕ ಬಾರದು ಎಂದು ಯಾರಾದರೂ ಹೇಳಲು ಸಾಧ್ಯವೇ? ಬಾರದೆ ಇದ್ದುದು ಅಂಕಿ ಬರೆಯಲು ಮಾತ್ರ. ಅಂಥವರಿಗೆ ಚೀಟಿಯಲ್ಲಿರುವ ಅಂಕಿ ಮತ್ತು ಅದರ ಮೇಲಿನ ಐದಾರು ಕನ್ನಡ ಪದಗಳನ್ನು ಕಲಿಸಿದರೆ ಮೊದಲ ತಿಂಗಳಿನಲ್ಲಿಯೇ ಕೈಗೆ ಫಲ ಸಿಗುತ್ತದೆ. ಇದಕ್ಕೆ ಮೊದಲು ಮುನಿಸಿಕೊಳ್ಳುವವರು ಗುತ್ತಿಗೆದಾರರು, ಏಕೆಂದರೆ ಚೀಟಿಗೂ ಕೈಗೆ ಬರುವ ಹಣಕ್ಕೂ ನಡುವಿನ ಅಂತರದಲ್ಲಿಯೇ ಕೆಲವರ ಬದುಕು ನಡೆಯುತ್ತದೆ.

ಇದರ ಜೊತೆಗೆ ಏಣಿಯ ಪಾಠ. ಕರಿಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಗುಲಿ ಜೀವ ಹೋದ ಸುದ್ದಿಯನ್ನು ಜಿಲ್ಲೆಯ ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಏಣಿಯನ್ನು ನಿಲ್ಲಿಸಿಕೊಂಡು ಸಾಗಿಸಬಾರದು, ಮಲಗಿಸಿ ಒಯ್ಯಬೇಕು, ತಂತಿಯ ಕೆಳಗಿನ ಬಳ್ಳಿಯನ್ನು ಮುಟ್ಟುವ ಮೊದಲು ಮೇಸ್ತ್ರಿಯನ್ನು ಕೇಳಬೇಕು ಎಂಬಿಷ್ಟನ್ನು ಅವರ ಭಾಷೆಯಲ್ಲಿ ಹೇಳಿಸಿ, ಕನ್ನಡದಲ್ಲಿಯೂ ಹೇಳಿಸಿ. ಅಮೆರಿಕದವರ ಇಬ್ಬರು ಶಿಕ್ಷಕರ ಪದ್ಧತಿ ಇಲ್ಲಿ ಸರಿಯಾಗಿ ಹೊಂದುತ್ತದೆ: ಏಣಿ ಹಿಡಿಯಲು ಒಬ್ಬ ಅನುಭವಿ ಕೆಲಸಗಾರ, ಮಾತು ಕಲಿಸಲು ಮತ್ತೊಬ್ಬರು.

ಉತ್ತರ: ಹಿಂದೆ ಪ್ರೇರಕಿಯಾಗಿದ್ದವಳು, ಕುಶಾಲನಗರ

ವಯಸ್ಕರಿಗೆ ಓದು ಬರಹ ಕಲಿಸುವ ಸಾಕ್ಷರ ಭಾರತ ಯೋಜನೆ ನಡೆಯುತ್ತಿದ್ದ 2009ರಿಂದ 2018ರ ಅವಧಿಯಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಲೋಕ ಶಿಕ್ಷಣ ಕೇಂದ್ರಗಳಿದ್ದವು. ಅಂಥದೊಂದರಲ್ಲಿ ನಾನು ಪ್ರೇರಕಿಯಾಗಿದ್ದೆ, ಎಂದರೆ ಕೇಂದ್ರವನ್ನು ನೋಡಿಕೊಳ್ಳುತ್ತಿದ್ದೆ. ರೈಟರ್ ಸರ್ ಹೇಳಿದ ಚೀಟಿಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ನಮ್ಮ ಪ್ರವೇಶಿಕೆಗಳನ್ನು (ಅಕ್ಷರ ಕಲಿಸುವ ಮೊದಲ ಪುಸ್ತಕಗಳನ್ನು) ಬರೆದವರು ಕಲಿಯುವವರಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಮಾತ್ರ ಬರುವುದಿಲ್ಲ ಎಂದು ಭಾವಿಸಿದ್ದರು. ಆ ಪುಸ್ತಕವನ್ನು ಹಿಡಿದು ಹಾಡಿಗಳಿಗೆ ಹೋದಾಗ ಯರವ ಮತ್ತು ಜೇನುಕುರುಬ ಹೆಂಗಸರು ಮುಖ ನೋಡುತ್ತಾ ಸುಮ್ಮನೆ ಕುಳಿತಿರುತ್ತಿದ್ದರು. ಬೆಳೆಗಾರ್ತಿಯವರಲ್ಲಿ ಒಂದು ವಿನಂತಿ: ತರಗತಿಯನ್ನು ಹೊರ ರಾಜ್ಯದವರಿಗೆ ಮಾತ್ರ ಎಂದು ಮಾಡಬೇಡಿ. ಇದೇ ಜಿಲ್ಲೆಯಲ್ಲಿ ಹುಟ್ಟಿ ಬೆಳೆದು ಅದೇ ಚೀಟಿಯನ್ನು ಓದಲಾಗದವರು ಪಕ್ಕದ ಹಾಡಿಯಲ್ಲಿದ್ದಾರೆ.

ಫ್ರೆಸ್ನೊದವರು ಹೇಳದೆ ಬಿಟ್ಟ ಒಂದು ಹೆಸರನ್ನು ನಾನು ಸೇರಿಸುತ್ತೇನೆ. ಅಮೆರಿಕದ ಲ್ಯಾಟಿನೋ ಸಂಘಟನೆಗಳು ನಡೆಸುವ ತರಗತಿಗಳ ಹಿಂದೆ ಬ್ರೆಜಿಲ್‌ನ ಪೌಲೊ ಫ್ರೇರೆಯವರ ವಿಚಾರಗಳ ದಟ್ಟ ಪ್ರಭಾವವಿದೆ. 1963ರಲ್ಲಿ ಅವರು ಬ್ರೆಜಿಲ್‌ನ ಈಶಾನ್ಯದ ಅಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ದುಡಿಯುವವರಿಗೆ ಕೇವಲ 40 ಗಂಟೆಗಳ ಪಾಠದಲ್ಲಿ ಓದು ಬರಹ ಕಲಿಸುವ ಪ್ರಯೋಗ ಮಾಡಿದರು. ಕಲಿಯುವವರ ದಿನನಿತ್ಯದ ಕೆಲಸ, ಕೂಲಿ, ಮನೆ, ನೆಲ ಇವುಗಳ ಚಿತ್ರವನ್ನು ಮುಂದಿಟ್ಟು, ಅದರ ಬಗ್ಗೆ ಮಾತಾಡಿಸಿ, ಆ ಮಾತಿನಲ್ಲಿ ಬಂದ ಪದಗಳನ್ನೇ ಬಿಡಿಸಿ ಅಕ್ಷರ ಕಲಿಸುವುದು ಅವರ ಕ್ರಮ. ಕೂಲಿಯ ಬಗ್ಗೆ ಮಾತಾಡಿದರೆ ಪ್ರಶ್ನೆಗಳು ಏಳುತ್ತವೆ. ಮರುವರ್ಷ ಅಲ್ಲಿ ಸೈನ್ಯ ಅಧಿಕಾರಕ್ಕೆ ಬಂದಾಗ ಫ್ರೇರೆ ಸೆರೆಮನೆ ಸೇರಿ, ಬಳಿಕ ದೇಶವನ್ನೇ ಬಿಡಬೇಕಾಯಿತು. ಆದ್ದರಿಂದ ಮೇಡಂ, ತೂಕದ ಚೀಟಿಯನ್ನು ಪಠ್ಯ ಮಾಡುವಾಗ ಪ್ರಶ್ನೆಗಳು ತಮ್ಮ ತೋಟದ ದರದ ಕಡೆಗೂ ತಿರುಗಬಹುದೆಂಬ ಸಿದ್ಧತೆ ಇರಲಿ.

ಸರ್ಕಾರದ ಕಡೆಯಿಂದ ಈಗಿರುವುದು 2022ರಿಂದ 2027ರವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮ, ಉಲ್ಲಾಸ್ ಎಂದು ಕರೆಯುತ್ತಾರೆ. 15 ವರ್ಷ ದಾಟಿದ ಅನಕ್ಷರಸ್ಥರಿಗೆ ಸ್ವಯಂಸೇವಕರು ಕಲಿಸುತ್ತಾರೆ. ಓದು, ಬರಹ, ಲೆಕ್ಕ ತಲಾ 50 ಅಂಕದಂತೆ ಒಟ್ಟು 150 ಅಂಕಗಳ ಪರೀಕ್ಷೆಯಿದೆ. ಪ್ರಮಾಣಪತ್ರ ಬೇಕೆನ್ನುವವರಿಗೆ ಇದು ಸಾಕು. ಆದರೆ ಕಸುಬಿನ ದೃಷ್ಟಿಯಿಂದ ನಾನು ಹೆಚ್ಚು ಬೆಲೆ ಕೊಡುವುದು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿರುವ ಇನ್ನೊಂದು ಅವಕಾಶಕ್ಕೆ: ಕೆಲಸ ಮಾಡುತ್ತಲೇ ಕಲಿತ ಕೌಶಲವನ್ನು ಪರೀಕ್ಷಿಸಿ ಅದಕ್ಕೆ ಮಾನ್ಯತೆ ಕೊಡುವ ವ್ಯವಸ್ಥೆ ಅದರಲ್ಲಿದೆ. ಊರಿಗೆ ಮರಳುವವನ ಜೇಬಿನಲ್ಲಿ, ಇವನಿಗೆ ಈ ಕೆಲಸ ಬರುತ್ತದೆ ಎಂಬ ಕಾಗದವಿದ್ದರೆ ಮುಂದಿನ ತೋಟದಲ್ಲಿ ಹೊಸಬನ ಕೂಲಿಯಿಂದ ಶುರು ಮಾಡಬೇಕಾಗಿಲ್ಲ. ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರ ತಮಗೆ ಹತ್ತಿರವೇ ಇದೆ, ಚೆಟ್ಟಳ್ಳಿಯಲ್ಲಿ ಕಾಫಿ ಮಂಡಳಿಯ ಸಂಶೋಧನಾ ಉಪಕೇಂದ್ರವಿದೆ. ಕಸುಬಿನ ಪಾಠಕ್ಕೆ ಅಲ್ಲಿನವರನ್ನು ಕೇಳಿನೋಡಿ.

ಹೆಂಗಸರು ಬರಬೇಕಾದರೆ ಮಕ್ಕಳನ್ನು ನೋಡಿಕೊಳ್ಳಲು ಒಬ್ಬರಿರಬೇಕು. ಇದಿಲ್ಲದೆ ನಡೆಸಿದ ತರಗತಿಗಳಲ್ಲಿ ಗಂಡಸರು ಮಾತ್ರ ಉಳಿದದ್ದನ್ನು ನಾನು ನೋಡಿದ್ದೇನೆ.

ಉತ್ತರ: ಶಾಲಾ ಶಿಕ್ಷಕ, ಪಾಲಿಬೆಟ್ಟ

ಒಂದು ಸಣ್ಣ ಸೇರ್ಪಡೆ. ಅಸ್ಸಾಮಿನಿಂದ ಬಂದ ಮಕ್ಕಳು ನಮ್ಮ ಶಾಲೆಗೆ ಸೇರಿದ ವರ್ಷದೊಳಗೆ ಕನ್ನಡ ಮಾತಾಡುತ್ತಾರೆ, ಮತ್ತು ಅಂದಿನಿಂದ ಅಪ್ಪ ಅಮ್ಮನಿಗೆ ದುಭಾಷಿಗಳಾಗುತ್ತಾರೆ. ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲೆಂದು ನಾಲ್ಕನೆಯ ತರಗತಿಯ ಹುಡುಗಿ ಶಾಲೆಗೆ ರಜೆ ಹಾಕುವುದು ನಮ್ಮಲ್ಲಿ ಅಪರೂಪವಲ್ಲ. ಅಮೆರಿಕದ ವಯಸ್ಕರ ಶಿಕ್ಷಣ ಕಾನೂನಿನ ಹೆಸರಿನಲ್ಲಿಯೇ ಕುಟುಂಬ ಸಾಕ್ಷರತೆ ಎಂಬ ಮಾತಿದೆ. ತಂದೆ ತಾಯಿ ಮತ್ತು ಮಕ್ಕಳು ಕೆಲವು ಹೊತ್ತು ಒಟ್ಟಿಗೆ ಕೂತು ಕಲಿಯುವ ಕ್ರಮ ಅಲ್ಲಿ ರೂಢಿಯಲ್ಲಿದೆ. ಬೆಳೆಗಾರ್ತಿಯವರು ಲೈನಿನ ಮಕ್ಕಳನ್ನು ಹೊರಗಿಡದೆ ಪಾಠದೊಳಕ್ಕೆ ಸೇರಿಸಿಕೊಂಡರೆ ಪ್ರೇರಕಿಯವರು ಎತ್ತಿದ ತೊಂದರೆಯೂ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಆದರೆ ಮಗುವನ್ನೇ ಶಿಕ್ಷಕನನ್ನಾಗಿ ಮಾಡಬೇಡಿ. ಮಗನ ಎದುರು ಅಕ್ಷರ ತಪ್ಪಲು ತಂದೆಗೆ ಸಂಕೋಚವಾಗುತ್ತದೆ.

ಮರುಪ್ರತಿಕ್ರಿಯೆ: ಗೋಣಿಕೊಪ್ಪಲಿನ ಬೆಳೆಗಾರ್ತಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಪಕ್ಕದ ತೋಟದವರೊಡನೆ ಮಾತಾಡಿದ ಮೇಲೆ ಆಗಿರುವ ತೀರ್ಮಾನವನ್ನು ತಿಳಿಸುತ್ತೇನೆ. ಒಂದೇ ಕಡೆ ಸೇರುವ ಯೋಚನೆಯನ್ನು ಕೈಬಿಟ್ಟಿದ್ದೇವೆ. ಎರಡು ಲೈನುಗಳಲ್ಲಿ ಬೇರೆ ಬೇರೆ ದಿನ ಪಾಠ ನಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು ಮಳೆಯಿಂದ ಹೇಗೂ ಹಲವು ದಿನ ಕೆಲಸ ಬೇಗ ನಿಲ್ಲುವುದರಿಂದ, ಆ ತಿಂಗಳುಗಳಲ್ಲಿ ವಾರಕ್ಕೆರಡು ಗಂಟೆಯನ್ನು ಕೂಲಿಸಹಿತವಾಗಿಯೇ ಬಿಡಲು ನಾನು ಒಪ್ಪಿದ್ದೇನೆ. ಪಕ್ಕದವರು ಒಂದು ಗಂಟೆಗೆ ಒಪ್ಪಿದ್ದಾರೆ, ಉಳಿದದ್ದನ್ನು ನೋಡೋಣ ಎಂದಿದ್ದಾರೆ. ಶಿಲೀಂಧ್ರ ರೋಗಗಳಿಗೆ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸವೂ ಆ ಕಾಲದ ಆಸುಪಾಸಿನಲ್ಲಿಯೇ ಬರುವುದರಿಂದ ಮೊದಲ ಪಾಠ ಔಷಧಿಯದು. ಕೀಟನಾಶಕದ ಡಬ್ಬಿಯ ಮೇಲೆ ವಜ್ರಾಕಾರದ ಗುರುತಿನಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಿರುತ್ತವೆ. ಕೆಂಪು ಅತ್ಯಂತ ವಿಷಕಾರಿ, ಹಸಿರು ಕಡಿಮೆ. ಓದು ಬಾರದವರಿಗೂ ಮೊದಲ ದಿನವೇ ತಿಳಿಯುವ ಪಾಠವಿದು. ಅದರ ನಂತರ ತೂಕದ ಚೀಟಿ, ಕೊಯ್ಲಿಗೆ ಮೊದಲು ಏಣಿ. ಹಾಡಿಯವರನ್ನೂ ಕರೆಯುತ್ತೇವೆ.

ಬರಹದ ಭಾಷೆಯ ವಿಷಯದಲ್ಲಿ ಹೀಗೆ ಮಾಡುವ ಮನಸ್ಸಿದೆ: ವಿವರಣೆ ಅವರವರ ಭಾಷೆಯಲ್ಲಿ, ಚೀಟಿ ಮತ್ತು ಫಲಕದ ಪದಗಳು ಕನ್ನಡದಲ್ಲಿ, ತಮ್ಮ ಲಿಪಿಯನ್ನು ಕಲಿಯಬೇಕೆನ್ನುವವರಿಗೆ ಅದನ್ನು ಪ್ರತ್ಯೇಕವಾಗಿ. ನಮ್ಮ ಲೈನಿನಲ್ಲಿರುವವರಲ್ಲಿ ಹೆಚ್ಚಿನವರು ಮನೆಯಲ್ಲಿ ಸಾದ್ರಿ ಆಡುತ್ತಾರೆಂದು ವಿಚಾರಿಸಿದ ಮೇಲೆ ತಿಳಿಯಿತು. ಅವರ ಪೈಕಿ ಊರಿನಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಒಬ್ಬ ಯುವಕನಿದ್ದಾನೆ. ಅವನನ್ನು ಭಾಷೆಯ ಶಿಕ್ಷಕನನ್ನಾಗಿ ಮಾಡಿ, ಆ ಗಂಟೆಗಳಿಗೆ ಮರಗಸಿಯ ದರದಲ್ಲಿ ಕೂಲಿ ಕೊಡುತ್ತೇವೆ. ಇದರಿಂದ ಮೇಸ್ತ್ರಿಗೆ ಈಗಾಗಲೇ ಸ್ವಲ್ಪ ಅಸಮಾಧಾನವಾಗಿದೆ.

ರೈಟರ್ ಅವರಲ್ಲಿ ಒಂದು ಪ್ರಶ್ನೆ: ಮುಂಗಡವನ್ನು ದಿನದ ಚೀಟಿಯಲ್ಲಿಯೇ ಕಳೆದು ತೋರಿಸಬೇಕೇ, ಅಥವಾ ಬಟವಾಡೆಯ ದಿನ ಮಾತ್ರ ತೋರಿಸಿದರೆ ಸಾಕೇ?

ಉತ್ತರ: ಹಳೆಯ ರೈಟರ್, ಸಿದ್ದಾಪುರ

ದಿನದ ಚೀಟಿಯಲ್ಲಿ ಕಳೆಯಬೇಡಿ, ಮೇಡಂ. ಒಂದೇ ಕಾಗದದಲ್ಲಿ ಕೂಡಿಸುವುದು, ಕಳೆಯುವುದು ಎರಡೂ ಬಂದರೆ ಹೊಸಬರಿಗೆ ಗೊಂದಲವಾಗುತ್ತದೆ. ದಿನದ ಚೀಟಿ ಬಿಳಿ ಕಾಗದದಲ್ಲಿರಲಿ, ಅದರಲ್ಲಿ ಕಿಲೋ ಮತ್ತು ದರ ಮಾತ್ರ ಇರಲಿ. ಮುಂಗಡ ಕೊಟ್ಟ ದಿನ ಬೇರೆ ಬಣ್ಣದ ಚೀಟಿ ಕೊಡಿ, ಅದರ ನಕಲು ನಿಮ್ಮ ಪುಸ್ತಕದಲ್ಲಿರಲಿ. ಬಟವಾಡೆಯ ದಿನ ಎರಡು ಬಣ್ಣದ ಚೀಟಿಗಳನ್ನೂ ಮೇಜಿನ ಮೇಲೆ ಬೇರೆ ಬೇರೆಯಾಗಿ ಇಡಿಸಿ, ಅವರಿಂದಲೇ ಕೂಡಿಸಿ, ಅವರಿಂದಲೇ ಕಳೆಸಿ. ಹಣವನ್ನು ಗುತ್ತಿಗೆದಾರನ ಕೈಗೆ ಕೊಡದೆ ಆಯಾ ವ್ಯಕ್ತಿಯ ಖಾತೆಗೆ ಹಾಕಿದರೆ ಮಾತ್ರ ಈ ಲೆಕ್ಕಕ್ಕೆ ಅರ್ಥವಿರುತ್ತದೆ. ಚೀಟಿಯ ಮಾದರಿಯೊಂದನ್ನು ನಾಳೆ ಗೆರೆ ಹಾಕಿ ಇಲ್ಲಿಯೇ ಹಾಕುತ್ತೇನೆ. ಪ್ರೇರಕಿಯವರು ಅಕ್ಷರದ ಗಾತ್ರ ಸಾಕೇ ಎಂದು ನೋಡಿ ಹೇಳಲಿ.